ಮೊದಲು ನೆಸ್ಬಿಟ್ಟಾ, ಮ್ಯಾಕ್‌ಡೊನಾಲ್ಡಾ?

ನಾರ್ನಿಯಾ, ಹಾಬಿಟ್ ಮುಗಿಸಿದ ಮಕ್ಕಳಿಗೆ ಮುಂದೇನು ಓದಿಸೋದು ಅಂತ ಯಾರಾದರೂ ಕೇಳಿದರೆ ನಾನು ಹಿಂದಕ್ಕೆ ಕೈ ತೋರಿಸುತ್ತೇನೆ. ನಾರ್ನಿಯಾ ಕಥೆಗಳನ್ನು ಸಿ.ಎಸ್. ಲೂಯಿಸ್ ಬರೆಯುವ ಮೊದಲೇ ದಾರಿ ಮಾಡಿಟ್ಟವರು ಇ. ನೆಸ್ಬಿಟ್ ಮತ್ತು ಜಾರ್ಜ್ ಮ್ಯಾಕ್‌ಡೊನಾಲ್ಡ್. ಇಬ್ಬರನ್ನೂ ನಮ್ಮ ಅಕ್ಕನ ಮಗಳಿಗೆ ಓದಿ ಹೇಳಿದ್ದೇನೆ.

ನೆಸ್ಬಿಟ್ ಹಿಡಿದ ಕೂಡಲೇ ಓಡುತ್ತದೆ. 1906ರ 'ದ ಸ್ಟೋರಿ ಆಫ್ ದಿ ಆಮ್ಯುಲೆಟ್'ನಲ್ಲಿ ಬ್ಯಾಬಿಲೋನಿನ ರಾಣಿ ಲಂಡನ್ನಿಗೆ ಬರುತ್ತಾಳೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ತನ್ನ ಒಡವೆಗಳನ್ನು ಕಂಡು, ಇವೆಲ್ಲ ನನ್ನವು, ಕೊಡಿ ಅಂತ ಜಗಳಕ್ಕೇ ನಿಲ್ಲುತ್ತಾಳೆ. ಲೂಯಿಸ್‌ರ 'ದ ಮೆಜಿಶಿಯನ್ಸ್ ನೆಫ್ಯೂ' (1955) ಓದಿದವರಿಗೆ ಅದರ ಮಾಟಗಾತಿ ರಾಣಿ ಜೇಡಿಸ್ ನೆನಪಾಗಲೇಬೇಕು. ಕುದುರೆಗಾಡಿ ಏರಿ ಲಂಡನ್ ಬೀದಿಯಲ್ಲಿ ರಂಪ ಮಾಡುವವಳು ಅವಳೇ ಅಲ್ವಾ? ಲೂಯಿಸ್ ಏನೂ ಮುಚ್ಚಿಟ್ಟಿಲ್ಲ; ಆ ಪುಸ್ತಕದ ಶುರುವಿನಲ್ಲೇ ನೆಸ್ಬಿಟ್ ಕಥೆಯ ಬಾಸ್ಟಬಲ್ ಮಕ್ಕಳ ಹೆಸರು ಹೇಳಿಬಿಡುತ್ತಾರೆ. ನಾರ್ನಿಯಾದ ಲೂಸಿಯ ಹಾಗೆ ಬೀರುವಿನೊಳಗಿಂದ ಬೇರೆ ಲೋಕಕ್ಕೆ ಹೋಗುವ ಹುಡುಗಿಯೂ ನೆಸ್ಬಿಟ್‌ರ ಒಂದು ಸಣ್ಣಕಥೆಯಲ್ಲಿ ಆಗಲೇ ಇದ್ದಾಳೆ.

ಆದರೆ 'ಫೈವ್ ಚಿಲ್ಡ್ರನ್ ಅಂಡ್ ಇಟ್' (1902) ಅರ್ಧಕ್ಕೆ ಬರುವಷ್ಟರಲ್ಲಿ ಸಾಕೆನಿಸಿತು. ಮರಳಿನ ಮಾಯಾಪ್ರಾಣಿಯ ಹತ್ತಿರ ವರ ಕೇಳು, ಪೇಚಿಗೆ ಸಿಕ್ಕು, ವರ ತೀರಲು ಸೂರ್ಯ ಮುಳುಗಲಿ ಅಂತ ಕಾಯಿ. ಮತ್ತೆ ಅದೇ.

ಮ್ಯಾಕ್‌ಡೊನಾಲ್ಡ್ ನಿಧಾನ. 'ದ ಪ್ರಿನ್ಸೆಸ್ ಅಂಡ್ ದ ಗಾಬ್ಲಿನ್' (1872) ನಡುನಡುವೆ ಬುದ್ಧಿ ಹೇಳಲು ಕೂರುತ್ತದೆ. ಗಣಿಯೊಳಗೆ ಇಳಿದರೆ ಮಾತ್ರ ಕಥೆಯೇ ಬೇರೆ. ಅಲ್ಲಿನ ಗಾಬ್ಲಿನ್‌ಗಳ (ನೆಲದಡಿ ಬದುಕುವ ಕುರೂಪಿ ಕುಳ್ಳರು) ತಲೆ ಕಲ್ಲಿನಷ್ಟು ಗಟ್ಟಿ, ಪಾದ ಮಾತ್ರ ಮೆತ್ತಗೆ. ಹಾಡು ಕೇಳಿದರೆ ಆಗದು, ಕಾಲು ತುಳಿದರೆ ಕಿರುಚಾಟ. ತಮ್ಮ ಗಾಬ್ಲಿನ್‌ಗಳು ಮ್ಯಾಕ್‌ಡೊನಾಲ್ಡ್‌ಗೆ ಋಣಿ, ಆದರೆ ಆ ಮೆತ್ತನೆ ಪಾದವನ್ನು ತಾವು ಯಾವತ್ತೂ ನಂಬಲಿಲ್ಲ ಅಂತ ಹಾಬಿಟ್ ಬರೆದ ಟೋಲ್ಕಿನ್ 1954ರ ಪತ್ರವೊಂದರಲ್ಲಿ ಬರೆದರು. ನಮ್ಮ ಹುಡುಗಿ ತಕ್ಷಣ ನಂಬಿದಳು. ವಾರವಿಡೀ ನನ್ನ ಕಾಲು ತುಳಿದಳು.

ನನಗೆ ಹಿಡಿಸಿದ್ದು ಅಟ್ಟದ ಪ್ರಸಂಗ. ರಾಜಕುಮಾರಿ ಐರೀನ್ ತನ್ನ ಅಜ್ಜಿಯನ್ನು ತೋರಿಸಲು ಗಣಿ ಹುಡುಗ ಕರ್ಡಿಯನ್ನು ಮೇಲಕ್ಕೆ ಕರೆದೊಯ್ಯುತ್ತಾಳೆ. ಅವಳಿಗೆ ಅಜ್ಜಿ ಕಾಣುತ್ತಾಳೆ; ಅವನಿಗೆ ಕಾಣುವುದು ಒಂದು ತೊಟ್ಟಿ, ಹಳೇ ಹುಲ್ಲು, ಬಾಡಿದ ಸೇಬು. ಯಾರೂ ನಂಬದ ಲೂಸಿಯ ಸಂಕಟ ಇಲ್ಲೇ ಇದೆ. ಬೀರು ಸಣ್ಣ ಸಾಲ, ಇದು ದೊಡ್ಡದು ಅಂತ ನನ್ನ ಲೆಕ್ಕ. ಲೂಯಿಸ್ ಅಂತೂ ಮ್ಯಾಕ್‌ಡೊನಾಲ್ಡ್‌ರನ್ನು ಗುರು ಅಂತಲೇ ಕರೆದರು.

ಹಾಗಾಗಿ ಆಮ್ಯುಲೆಟ್ ಮೊದಲು ಕೊಡಿ, ಮಕ್ಕಳು ತಾವೇ ಓದಿಕೊಳ್ಳುತ್ತಾರೆ. ಗಾಬ್ಲಿನ್ ಪುಸ್ತಕವನ್ನು ನೀವೇ ಜೋರಾಗಿ ಓದಿ, ಉಪದೇಶ ಜಾಸ್ತಿ ಆದಲ್ಲಿ ಒಂದೆರಡು ಪ್ಯಾರಾ ಹಾರಿಸಿ. ಎರಡೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.