ಒಂದೇ ಕೈಯಲ್ಲಿ ಹಿಡಿಲಿಕ್ಕೆ ಆಗುವ ಫೋನ್ ಬೇಕಾದವರಿಗೆ

ಐಫೋನ್ 13 ಮಿನಿ ಸೆಕೆಂಡ್ ಹ್ಯಾಂಡ್ ತಗೊಂಡು ನಾಲ್ಕು ತಿಂಗಳಾಯ್ತು ಮಾರಾಯ್ರೆ, ಈಗ ನೆಮ್ಮದಿ ಉಂಟು. ಮೊದಲು ಇದ್ದದ್ದು 6.7 ಇಂಚಿನ ಬೇರೆ ಫೋನ್, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಂದ ಉಡುಪಿ ಎಕ್ಸ್‌ಪ್ರೆಸ್ ಬಸ್ಸಲ್ಲಿ ನಿಂತ್ಕೊಂಡು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಮೆಸೇಜ್ ನೋಡ್ಲಿಕ್ಕೆ ಹೋದ್ರೆ ಹೆಬ್ಬೆರಳು ಮೇಲಿನ ಮೂಲೆಗೆ ಎಟುಕುದೇ ಇಲ್ಲ, ಒಂದ್ಸಲ ಮುಲ್ಕಿ ಹತ್ರ ಬ್ರೇಕ್ ಹಾಕಿದಾಗ ಕೈ ಜಾರಿ ಬಿದ್ದು ಗ್ಲಾಸ್ ಒಡೆದೇ ಹೋಯ್ತು. ಇದು 5.4 ಇಂಚು, ತೂಕ ಸುಮಾರು 140 ಗ್ರಾಂ, ಅಂಗಿ ಕಿಸೆಗೆ ಹಾಕಿದ್ರೆ ಕಿಸೆ ಜೋತು ಬೀಳುದಿಲ್ಲ. ವಿಡಿಯೋ ಜಾಸ್ತಿ ನೋಡುವವರಿಗೆ, ನಮ್ಮ ಅಮ್ಮನ ಹಾಗೆ ಅಕ್ಷರ ದೊಡ್ಡ ಬೇಕಾದವರಿಗೆ ದೊಡ್ಡ ಫೋನೇ ಒಳ್ಳೆದು, ಒಪ್ತೇನೆ. ಆದ್ರೆ 2022ರ ಐಫೋನ್ 14ರಲ್ಲಿ ಮಿನಿ ಬರ್ಲೇ ಇಲ್ಲ, ಅದರ ಬದಲು ದೊಡ್ಡದು, ಪ್ಲಸ್ ಬಂತು, ಸಣ್ಣ ಕೈಯವರು ಎಂತ ಮಾಡುದು? ಎಲ್ಲಿಯಾದ್ರೂ 13 ಮಿನಿ ಸಿಕ್ಕಿದ್ರೆ ಬ್ಯಾಟರಿ ಹೆಲ್ತ್, ಅಂದ್ರೆ ಬ್ಯಾಟರಿ ಎಷ್ಟು ಸವೆದಿದೆ ಅಂತ ನೋಡಿ ತಗೊಳ್ಳಿ.