ಇಬ್ಬಲೂರಿನಲ್ಲಿ ಕುದ್ದ ಬೈಕ್: 38,000 ಕಿ.ಮೀ. ಓಡಿಸಿದ ಮೇಲೆ

ಬೈಕ್ ತಗೊಂಡಿದ್ದು 2021ರ ಆಯುಧಪೂಜೆಗೆ. ಲಿಕ್ವಿಡ್ ಕೂಲ್ಡ್ ಇಂಜಿನ್, ಸಿಂಗಲ್ ಸಿಲಿಂಡರ್, 400 ಸಿಸಿ ಹತ್ತಿರ. ಹೆಸರು ಬಿಡಿ, ಈ ಸೈಜಿನ ಬೈಕ್ ಇಟ್ಟವರಿಗೆಲ್ಲ ಈ ಕಥೆ ಸ್ವಲ್ಪ ಗೊತ್ತೇ ಇರುತ್ತದೆ.

ಹೈವೇಯಲ್ಲಿ ದೂರಿಲ್ಲ. ಇಬ್ಬರು ಕೂತು, ಲಗೇಜ್ ಕಟ್ಟಿಕೊಂಡು ಚಾರ್ಮಾಡಿ ಹತ್ತಿದಾಗಲೂ ಟೆಂಪರೇಚರ್ ಮೀಟರ್ ಅರ್ಧ ದಾಟಲಿಲ್ಲ. ಸೀಟ್ ಗಟ್ಟಿ, ಊರೊಳಗೆ ಮೈಲೇಜ್ 25, ಅಷ್ಟೇ. ಆದರೆ ನಾನು ದಿನಾ ಹೋಗುವುದು ಚಾರ್ಮಾಡಿಗಲ್ಲವಲ್ಲ. ಬೆಂಗಳೂರಿನ ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ಮಾರತ್‌ಹಳ್ಳಿಗೆ.

ಅಗರದ ಹತ್ತಿರ ಹತ್ತು ನಿಮಿಷ ತೆವಳಿದರೆ ಸಾಕು, ಫ್ಯಾನ್ ಗುಂಯ್ ಅಂತ ಶುರುವಾಗುತ್ತದೆ. ಎದುರುಗಾಳಿ ಸಿಗದಿದ್ದಾಗ, ಇಂಜಿನ್ ಬಿಸಿ ಹೊರಹಾಕುವ ರೇಡಿಯೇಟರ್‌ಗೆ ಫ್ಯಾನೇ ಗತಿ. ಆ ಬಿಸಿಗಾಳಿ ನೇರ ಬಲಗಾಲಿಗೆ ಬಡಿಯುತ್ತದೆ. ಜೀನ್ಸ್ ಹಾಕಿದ್ದರೂ ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ. ಇಂಜಿನ್ ಕಾದ ಮೇಲೆ ನ್ಯೂಟ್ರಲ್ ಸಿಗುವುದೇ ಇಲ್ಲ. ಒಂದರಿಂದ ಎರಡು, ಎರಡರಿಂದ ಒಂದು, ಸಿಗ್ನಲ್ ಬಿಡುವ ತನಕ ಕ್ಲಚ್ ಹಿಡಿದೇ ನಿಲ್ಲಬೇಕು. ಇದೆಲ್ಲ ಕಿರಿಕಿರಿ, ನಿಜ. ಆದರೆ ಗಾಡಿ ಕೆಟ್ಟಿದೆ ಅಂತ ಅರ್ಥ ಅಲ್ಲ. ಎರಡೂವರೆ ವರ್ಷ ಹೀಗೇ ಸಾಗಿತು.

2024ರ ಏಪ್ರಿಲ್. ಬೆಂಗಳೂರು ನೀರಿಗೆ ಪರದಾಡಿದ ಬೇಸಿಗೆ ಅದು. ಇಬ್ಬಲೂರು ಜಂಕ್ಷನ್‌ನಲ್ಲಿ, ಇಂಜಿನ್ ವಿಪರೀತ ಕಾದಿದೆ ಅಂತ ಹೇಳುವ ಕೆಂಪು ಲೈಟ್ ಮೀಟರ್‌ನಲ್ಲಿ ಹತ್ತಿತು. ಸೈಡಿಗೆ ಹಾಕಿ ಆಫ್ ಮಾಡಿದೆ. ಟ್ಯಾಂಕ್ ಕೆಳಗಿಂದ ಗುಳುಗುಳು ಸದ್ದು, ಓವರ್‌ಫ್ಲೋ ಪೈಪಿನಿಂದ ತೊಟ್ಟು ತೊಟ್ಟು ನೀರು. ಪಕ್ಕದಲ್ಲಿ ನಿಂತಿದ್ದ ಡೆಲಿವರಿ ಹುಡುಗ ಬಾಟಲಿ ತೆಗೆದು "ನೀರು ಹಾಕ್ಲಾ ಅಣ್ಣ?" ಅಂದ. ಪಾಪ, ಒಳ್ಳೆ ಮನಸ್ಸು. ಬೇಡ ಅಂದೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬಾರದು. ರೇಡಿಯೇಟರ್ ಮುಚ್ಚಳವನ್ನಂತೂ ಮುಟ್ಟಲೇಬಾರದು. ಒಳಗೆ ಪ್ರೆಶರ್ ಇರುತ್ತದೆ, ತಿರುಗಿಸಿದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಮುಕ್ಕಾಲು ಗಂಟೆ ಫುಟ್‌ಪಾತ್ ಮೇಲೆ ಕೂತಿದ್ದಾಗ ಹೊಳೆಯಿತು, ಇವತ್ತು ಫ್ಯಾನ್ ಸದ್ದೇ ಕೇಳಿಸಲಿಲ್ಲ ಅಂತ.

ಸರ್ವೀಸ್ ಸೆಂಟರ್‌ನಲ್ಲಿ ಇದನ್ನೇ ಹೇಳಿದೆ. "ಟ್ರಾಫಿಕ್‌ನಲ್ಲಿ ಇದೆಲ್ಲ ಕಾಮನ್ ಸರ್" ಅಂದರು. ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಟಾಪ್‌ಅಪ್ ಅಂತ ಬಿಲ್ ಮಾಡಿ ಕಳಿಸಿದರು. ನಾಲ್ಕೇ ದಿನಕ್ಕೆ ಮತ್ತೆ ಅದೇ ಲೈಟ್.

ಕೊನೆಗೆ ಮನೆ ಹತ್ತಿರದ ಮೆಕ್ಯಾನಿಕ್‌ಗೆ ತೋರಿಸಿದೆ. ಆತ ಮೊದಲು ಬಿಚ್ಚಿದ್ದು ಫ್ಯಾನಿನ ವೈರ್ ಕಪ್ಲರ್, ಅಂದರೆ ವೈರ್ ಸೇರಿಸುವ ಜಾಯಿಂಟ್. ನೀರು ಹೋಗಿ ಒಳಗಿನ ಪಿನ್ ಹಸಿರುಗಟ್ಟಿತ್ತು, ಫ್ಯಾನಿಗೆ ಕರೆಂಟ್ ಹೋಗುತ್ತಿರಲಿಲ್ಲ. "ಪ್ರೆಶರ್ ವಾಶ್ ಮಾಡ್ಸಿದೀರಾ ಸಾರ್?" ಹೌದು, ಪ್ರತಿ ಸರ್ವೀಸಿಗೂ ಮಾಡುತ್ತಿದ್ದರಲ್ಲ, ಅದೂ ಫ್ರೀ! ಆಮೇಲೆ ಡ್ರೈನ್ ಬೋಲ್ಟ್ ತೆಗೆದ. ತಟ್ಟೆಗೆ ಬಿದ್ದಿದ್ದು ಹಾಲಿಲ್ಲದ ಟೀ ಬಣ್ಣದ ನೀರು. "ಕೂಲೆಂಟ್ ಎಲ್ಲಿದೆ ಸಾರ್ ಇದ್ರಲ್ಲಿ? ಬರೀ ಬೋರ್ ನೀರು."

ನಮ್ಮ ಬೋರ್ ನೀರು ಬಕೆಟ್ಟಿನಲ್ಲೇ ಬಿಳಿ ಕಲೆ ಬಿಡುತ್ತದೆ. ಅದೇ ಉಪ್ಪು ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟಿಕೊಳ್ಳುತ್ತದೆ. ಕೂಲೆಂಟ್ ತುಕ್ಕು ತಡೆಯುತ್ತದೆ, ಬೇಗ ಕುದಿಯುವುದೂ ಇಲ್ಲ. ಕಪ್ಲರ್ ಕ್ಲೀನ್ ಮಾಡಿ, ರೇಡಿಯೇಟರ್ ಫ್ಲಶ್ ಮಾಡಿ, ಹೊಸ ಕೂಲೆಂಟ್ ಹಾಕಿ 1,150 ರೂಪಾಯಿ ತಗೊಂಡ. ಆವತ್ತಿನಿಂದ ಕೆಂಪು ಲೈಟ್ ಹತ್ತಿಲ್ಲ.

ಈಗ ತಿಂಗಳಿಗೊಮ್ಮೆ ಕೂಲೆಂಟ್ ಡಬ್ಬಿಯ ಗೆರೆ ನೋಡುತ್ತೇನೆ, ಇಂಜಿನ್ ತಣ್ಣಗಿರುವಾಗ. ರೇಡಿಯೇಟರ್ ಸಂದಿಯ ಕೆಸರು, ಹುಳ ಹಳೆ ಟೂತ್‌ಬ್ರಶ್‌ನಲ್ಲಿ ತೆಗೆಯುತ್ತೇನೆ. ಉದ್ದದ ಸಿಗ್ನಲ್ ಆದರೆ ಇಂಜಿನ್ ಆಫ್. ರಾಗಿಗುಡ್ಡದ ಡಬಲ್ ಡೆಕ್ಕರ್ ಫ್ಲೈಓವರ್ 2024ರ ಜುಲೈನಲ್ಲಿ ತೆರೆದ ಮೇಲೆ ಸಿಲ್ಕ್ ಬೋರ್ಡ್ ತನಕ ಸ್ವಲ್ಪ ಗಾಳಿ ಸಿಗುತ್ತದೆ. ಅಲ್ಲಿಂದ ಮುಂದೆ ಅದೇ ರಾಗ, ಅದೇ ಹಾಡು. ಬಲಗಾಲು ಈಗಲೂ ಬೇಯುತ್ತದೆ.

ಹೈವೇಗೆ 5ಕ್ಕೆ 4.5 ಕೊಡುತ್ತೇನೆ, ರಿಂಗ್ ರೋಡಿಗೆ 2. ದಿನಾ ಆಫೀಸಿಗೆ ಮಾತ್ರ ಬೇಕು ಅಂದರೆ ಸ್ಕೂಟರ್ ತಗೊಳ್ಳಿ, ಬೇಜಾರಿಲ್ಲದೆ ಹೇಳುತ್ತಿದ್ದೇನೆ. ಇಲ್ಲ, ಇಂಥದ್ದೇ ಬೇಕು, ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ ಅಂದರೆ, ಒಂದು ರೌಂಡ್ ಹೊಡೆದು ಬಂದ ಮೇಲೆ ಸ್ಟ್ಯಾಂಡ್ ಹಾಕಿ ಹದಿನೈದು ನಿಮಿಷ ಸುಮ್ನೆ ಆನ್‌ನಲ್ಲೇ ಬಿಡಿ. ಫ್ಯಾನ್ ತಾನಾಗಿ ತಿರುಗಬೇಕು, ಆಮೇಲೆ ತಾನಾಗಿ ನಿಲ್ಲಬೇಕು. ಮಾರುವವರು "ಪೆಟ್ರೋಲ್ ಯಾಕೆ ವೇಸ್ಟ್ ಮಾಡ್ತೀರಾ" ಅಂದರೆ ಪೆಟ್ರೋಲಿನ ದುಡ್ಡು ಕೊಟ್ಟಾದರೂ ಕಾಯಿರಿ.