ಕ್ಯಾತ್ಸಂದ್ರದ ಹೆಸರಿಲ್ಲದ ಇಡ್ಲಿ ಹೋಟ್ಲು, ಬೆಳಗ್ಗೆ ಆರೂವರೆಗೆ

ತುಮಕೂರು ಪಕ್ಕದ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಹೆಸರಾದ ದೊಡ್ಡ ಹೋಟ್ಲುಗಳ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ, ನಾನು ಬರೀತಿರೋದು ರೈಲ್ವೆ ಸ್ಟೇಷನ್ ಕಡೆ ಹೋಗೋವಾಗ ಸಿಗೋ ಒಂದು ಸಣ್ಣ ಹೋಟ್ಲು ಬಗ್ಗೆ. ನಾಲ್ಕು ಟೇಬಲ್ಲು, ಎಂಟು ಬೆಂಚು. ಅದಕ್ಕೆ ಹೆಸರಿಲ್ಲ, ಬಣ್ಣ ಹೋಗಿರೋ ತಗಡಿನ ಬೋರ್ಡಲ್ಲಿ "ತಟ್ಟೆ ಇಡ್ಲಿ ದೊರೆಯುತ್ತದೆ" ಅಂತಷ್ಟೇ ಇದೆ.

ಮೊದಲೇ ಹೇಳಿಬಿಡ್ತೀನಿ, ನಾನು ಆಟಿಸ್ಟಿಕ್, ಅಂದ್ರೆ ನಂಗೆ ಆಟಿಸಂ ಇದೆ, ಹುಟ್ಟಿಂದಲೇ ಮೆದುಳು ಬೇರೆ ರೀತಿ ಬೆಳೆದಿರೋದು. ವಯಸ್ಸು 38, ನಂಗೆ ಗೊತ್ತಾಗಿದ್ದು 35ಕ್ಕೆ. ತುಮಕೂರಲ್ಲಿ ಒಬ್ರು ಆಡಿಟರ್ ಆಫೀಸಲ್ಲಿ ಟ್ಯಾಲಿಯಲ್ಲಿ ಲೆಕ್ಕ ಬರೆಯೋ ಕೆಲಸ ಮಾಡ್ತೀನಿ, ಮದುವೆಯಾಗಿದೆ. ಈ ರಿವ್ಯೂನಲ್ಲಿ ಶಬ್ದ, ಬೆಳಕು, ವಾಸನೆ, ಜನ ಎಷ್ಟಿರ್ತಾರೆ, ಮಾತು ಎಷ್ಟಾಡಬೇಕಾಗುತ್ತೆ ಅನ್ನೋದೇ ಜಾಸ್ತಿ ಇರುತ್ತೆ, ಯಾಕಂದ್ರೆ ಹೊಸ ಹೋಟ್ಲಿಗೆ ಹೋಗೋ ಮುಂಚೆ ನಂಗೆ ಬೇಕಾಗೋ ಮಾಹಿತಿ ಇದೇ, ನನ್ನಂಥ ಇನ್ನೊಬ್ರು ಈ ಜಿಲ್ಲೇಲಿ ಇದ್ರೆ ಅವರಿಗೂ ಬೇಕಾಗಿರುತ್ತೆ.

ಇಡ್ಲಿಯಿಂದ ಶುರು ಮಾಡ್ತೀನಿ. ತಟ್ಟೆ ಇಡ್ಲಿ ಗೊತ್ತಲ್ಲ, ಚಪ್ಪಟೆ ತಟ್ಟೆಗಳಿಗೆ ಹಿಟ್ಟು ಹುಯ್ದು ಸ್ಟ್ಯಾಂಡಲ್ಲಿ ಒಂದರ ಮೇಲೊಂದು ಜೋಡಿಸಿ ಹಬೇಲಿ ಬೇಯಿಸೋದು. ಮೆತ್ತಗೆ ಬರ್ಲಿ ಅಂತ ಕೆಲವರು ಅವಲಕ್ಕಿ ಹಾಕ್ತಾರೆ, ಕೆಲವರು ಸಬ್ಬಕ್ಕಿ, ಇಲ್ಲಿ ಸಬ್ಬಕ್ಕಿ ಹಾಕ್ತಾರಂತೆ, ಕೇಳಿ ತಿಳ್ಕೊಂಡೆ. ಇವರ ಇಡ್ಲಿ ಅಂಚಿಂದ ನಡುವಿನವರೆಗೂ ಒಂದೇ ಮೆದು, ಮೊದಲನೇ ತುತ್ತು ಹೆಂಗೋ ಕೊನೇ ತುತ್ತೂ ಹಂಗೇ, ಹೋದ ವಾರ ಹೆಂಗೋ ಈ ವಾರಾನೂ ಹಂಗೇ. ಇದು ಎಷ್ಟು ದೊಡ್ಡ ವಿಷ್ಯ ಅಂತ ಹೆಂಗೆ ಹೇಳ್ಲಿ. ಉಪ್ಪಿಟ್ಟು ತಿನ್ನೋವಾಗ ಒಂದು ತುತ್ತಲ್ಲಿ ಕರಿಬೇವು, ಇನ್ನೊಂದರಲ್ಲಿ ಕಡ್ಲೆಬೇಳೆ, ಮತ್ತೊಂದರಲ್ಲಿ ಟೊಮೆಟೊ ಸಿಪ್ಪೆ ಸಿಗುತ್ತೆ, ಪ್ರತಿ ತುತ್ತಿಗೂ ನನ್ನ ನಾಲಿಗೆ ಹೆದರ್ಕೊಂಡೇ ಕಾಯ್ತಿರುತ್ತೆ. ರಾಗಿಮುದ್ದೆ ನಂಗೆ ಯಾವತ್ತೂ ಇಷ್ಟ, ಅದೂ ಇದೇ ಕಾರಣಕ್ಕೆ, ಆದ್ರೆ ಜೊತೆಗೆ ಬರೋ ಸೊಪ್ಪಿನ ಸಾರಲ್ಲಿ ದಂಟಿನ ನಾರು ಬಾಯಿಗೆ ಸಿಕ್ಕಿದ್ರೆ ಅವತ್ತಿನ ಊಟ ಮುಗೀತು.

ಬೆಣ್ಣೆ ಹಾಕ್ಸಲ್ಲ, ಚಟ್ನಿ ಬಟ್ಟಲಲ್ಲಿ ಬೇರೆ ತಗೋತೀನಿ. ಚಟ್ನಿ ಹಸಿರು, ಖಾರ ಸ್ವಲ್ಪ ಮುಂದೆ, ನುಣ್ಣಗೆ ರುಬ್ಬಿರ್ತಾರೆ. ವಡೆ ಚೆನ್ನಾಗಿರುತ್ತೆ ಅಂತಾರೆ, ನಾನು ತಿಂದಿಲ್ಲ. ಒಂದು ಇಡ್ಲಿ 25 ರೂಪಾಯಿ, ನಂಗೆ ಎರಡು ಸಾಕು.

ಚಿಕ್ಕವಳಿದ್ದಾಗ ಅನ್ನ ಒಂದ್ಕಡೆ ಸಾರು ಒಂದ್ಕಡೆ ಇರ್ಬೇಕಿತ್ತು, ಒಂದಕ್ಕೊಂದು ತಾಗಿದ್ರೆ ತಟ್ಟೆ ತಳ್ಳಿಬಿಡ್ತಿದ್ನಂತೆ. ಇದನ್ನ ಹೇಳಿದ್ದು ನಮ್ಮಮ್ಮ, ಬೆಂಗ್ಳೂರಲ್ಲಿ ನನ್ನ ಆಟಿಸಂ ಅಸೆಸ್‌ಮೆಂಟ್ ಮಾಡ್ದಾಗ. ಆಟಿಸಂ ಹುಟ್ಟಿಂದ ಇರೋ ಮೆದುಳಿನ ಬೆಳವಣಿಗೆಯ ರೀತಿ, ದೊಡ್ಡವರಾದ್ಮೇಲೆ ಬಂದು ಅಂಟ್ಕೊಳೋ ಕಾಯಿಲೆ ಅಲ್ಲ, ಹಂಗಾಗಿ ಬಾಲ್ಯ ನೋಡಿದೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ ಅಂತ ಹೇಳಿದ್ರು. ಅಮ್ಮ ಡಾಕ್ಟ್ರ ಎದುರು ಒಂದೊಂದೇ ಬಿಚ್ಚಿಟ್ಲು. ಗಂಟೆಗಟ್ಟಲೆ ಅಕ್ಕಿ ಆರಿಸೋ ಮೊರದಲ್ಲಿ ಕಲ್ಲು ಸಾಲಾಗಿ ಜೋಡಿಸ್ತಿದ್ದಿದ್ದು, ಛತ್ರದಲ್ಲಿ ಓಲಗ ಊದಿದ್ ತಕ್ಷಣ ಮಂಚದಡಿ ಸೇರ್ಕೊಂಡು ಕಿವಿ ಮುಚ್ಕೊಂಡು ಅಳ್ತಿದ್ದಿದ್ದು, ಹೊಸ ಲಂಗದ ಒಳಗಿನ ಹೊಲಿಗೆ ಚುಚ್ಚುತ್ತೆ ಅಂತ ತಿರುಗಿಸಿ ಹಾಕ್ಕೊಂಡಿದ್ದು. "ಎಷ್ಟು ಹೊಡ್ದಿದೀನೋ ಇವ್ಳಿಗೆ" ಅಂದು ಸುಮ್ಮನಾದ್ಲು. ವಾಪಸ್ ಬಸ್ಸಲ್ಲಿ ನೆಲಮಂಗಲ ದಾಟೋವರ್ಗೂ ಒಂದು ಮಾತಿಲ್ಲ. ಆಮೇಲೆ ಕಿಟಕಿ ಕಡೆ ನೋಡ್ಕೊಂಡೇ, "ನಂಗೇನವ್ವ ಗೊತ್ತಿತ್ತು, ಸೊಕ್ಕು ಅಂದ್ಕೊಂಡಿದ್ದೆ" ಅಂದ್ಲು.

ನಂಗೂ ಅದೇ ಗೊತ್ತಿದ್ದಿದ್ದು. ನನ್ನದು ಸೊಕ್ಕು, ಹಠ, ಜನ ಬೇಡ ಅನ್ನೋ ಬುದ್ಧಿ ಅಂತ 35 ವರ್ಷ ನಂಬಿದ್ದೆ. ಮಾತು ಕಡ್ಡಿ ಮುರ್ದಂಗೆ ಆಡ್ತಾಳೆ ಅಂತ ಅತ್ತೆ ಮನೇಲಿ ಹೆಸರಾಗಿತ್ತು. ಯಾರಾದ್ರೂ ಬಂದ್ರೆ ಹೆಂಗೆ ನಗ್ಬೇಕು, ಎಷ್ಟೊತ್ತು ಕಣ್ಣು ನೋಡ್ಬೇಕು, "ಊಟ ಆಯ್ತಾ" ಅಂದ್ಮೇಲೆ ಮುಂದಿನ ಮಾತು ಏನು, ಎಲ್ಲಾ ಬೇರೆಯವರನ್ನ ನೋಡಿ ಬಾಯಿಪಾಠ ಮಾಡ್ಕೊಂಡಿದ್ದೆ. ಸಂಜೆ ಹೊತ್ತಿಗೆ ಮೈಯಲ್ಲಿ ಜೀವ ಇರ್ತಿರ್ಲಿಲ್ಲ, ಬಾತ್‌ರೂಮಲ್ಲಿ ಲೈಟ್ ಆರಿಸಿ ಕೂತ್ಕೋತಿದ್ದೆ. ಇದಕ್ಕೆ ಮಾಸ್ಕಿಂಗ್ ಅಂತಾರೆ, ಮುಖವಾಡ ಹಾಕ್ಕೊಂಡು ಬದುಕೋದು.

ಬೆಂಗ್ಳೂರಿಗೆ ಹೋಗೋ ಮುಂಚೆ ತೋರಿಸಿದ್ದ ಒಬ್ರು ಡಾಕ್ಟ್ರು, "ಮದ್ವೆ ಆಗಿದೆ, ಕೆಲ್ಸಕ್ಕೆ ಹೋಗ್ತೀರ, ಕಣ್ಣು ನೋಡಿ ಮಾತಾಡ್ತಿದೀರ, ನಿಮಗೆಲ್ಲಿ ಆಟಿಸಂ" ಅಂತ ಆಂಗ್ಸೈಟಿ ಮಾತ್ರೆ ಬರ್ಕೊಟ್ಟು ಕಳಿಸಿದ್ರು. ಮನೋವೈದ್ಯರು ಲಕ್ಷಣ ನೋಡೋಕೆ ಬಳಸೋ ಅಮೆರಿಕದ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5ರಲ್ಲೇ ಲಕ್ಷಣಗಳು ಚಿಕ್ಕಂದಿನಿಂದ ಇರ್ಬೇಕು, ಆದ್ರೆ ದೊಡ್ಡವರಾದ್ಮೇಲೆ ಕಲಿತ ಉಪಾಯಗಳಿಂದ ಮುಚ್ಚಿಹೋಗಿರಬಹುದು ಅಂತ ಬರೆದಿದಾರೆ. ಶಬ್ದ, ಬೆಳಕು, ಮುಟ್ಟೋದು ಇವುಗಳಿಗೆ ಮೈ ಅತಿಯಾಗಿ ಸ್ಪಂದಿಸೋದನ್ನ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದೂ ಆ ಸಲವೇ, ಹಿಂದಿನ ಡಿಎಸ್‌ಎಂ-4ರ ಪಟ್ಟೀಲಿ ಅದು ಇರ್ಲಿಲ್ಲ. ಇದನ್ನ ಓದಿದ ರಾತ್ರಿ ನಾನು ಅತ್ತಿದೀನಿ. ಓಲಗ, ಹೊಲಿಗೆ, ಸಾರು ತಾಗಿದ ಅನ್ನ ಮೂರೂ ಒಂದೇ ಸಾಲಲ್ಲಿ ಸಿಕ್ಕಿಬಿಟ್ವು.

ಸರಿ, ಹೋಟ್ಲಿಗೆ ಬರ್ತೀನಿ. ಬಾಗಿಲು ತೆಗೆಯೋದು ಆರೂವರೆಗೆ. ಆರೂವರೆಯಿಂದ ಏಳೂಕಾಲು ತನಕ ಮೂರ್ನಾಲ್ಕು ಜನಕ್ಕಿಂತ ಜಾಸ್ತಿ ಇರಲ್ಲ, ಹಾಲು ಹಾಕೋರು, ಒಬ್ರೋ ಇಬ್ರೋ ರೈಲಿಗೆ ಹೋಗೋರು. ಆ ಹೊತ್ತಲ್ಲಿ ಕೇಳ್ಸೋದು ಹಬೆಯ ಸುಯ್ಯನ್ನೋ ಶಬ್ದ ಮತ್ತೆ ದೂರದ ಹೈವೇ ಲಾರಿ, ಎರಡೂ ಒಂದೇ ಸಮ ಇರೋದ್ರಿಂದ ನಂಗೆ ತೊಂದ್ರೆ ಇಲ್ಲ. ಒಳಗೆ ಒಂದೇ ಟ್ಯೂಬ್‌ಲೈಟು, ಅದು ಗಲ್ಲಾ ಕಡೆ ಇದೆ, ಕೊನೇ ಟೇಬಲ್ಲಿನ ಗೋಡೆ ಪಕ್ಕದ ಸೀಟಲ್ಲಿ ಕೂತ್ರೆ ಬೆಳಕು ಬೆನ್ನಿಗೆ ಬೀಳುತ್ತೆ, ಎಡಗಡೆ ಯಾರೂ ಬರಲ್ಲ. ಇಡೀ ಹೋಟ್ಲಲ್ಲಿ ಒಳ್ಳೇ ಸೀಟು ಅಂದ್ರೆ ಅದೇ. ಏಳೂವರೆಗೆ ಎರಡನೇ ಸುತ್ತಿನ ಚಟ್ನಿಗೆ ಮಿಕ್ಸಿ ಹಾಕ್ತಾರೆ, ಅಷ್ಟೊತ್ತಿಗೆ ವಡೆ ಎಣ್ಣೆ ಹೊಗೆನೂ ಶುರು, ಆಮೇಲೆ ಸ್ಟೀಲ್ ತಟ್ಟೆಗಳನ್ನ ಟಬ್ಬಿಗೆ ಎಸೆಯೋ ಶಬ್ದ. ಆ ಹೊತ್ತಿಗೆ ನಾನು ಎದ್ದು ಹೋಗಿರ್ತೀನಿ.

ಮೊದಲು ನಂಗೆ ಇಲ್ಲಿ ಇದ್ದ ದೊಡ್ಡ ಕಷ್ಟ ಅಂದ್ರೆ ದುಡ್ಡು ಬಂತು ಅಂತ ಕೂಗೋ ಯುಪಿಐ ಡಬ್ಬಿ. ಇದ್ದಕ್ಕಿದ್ದಂಗೆ ಕಿವಿ ಪಕ್ಕ ಕಿರುಚಿದಂಗೆ ಆಗಿ ಕೈಯಲ್ಲಿರೋ ತುತ್ತು ಬಿದ್ದುಹೋಗೋದು. ಒಂದು ದಿನ ಗಲ್ಲಾದಲ್ಲಿ ಕೂರೋ ಅಕ್ಕ ನನ್ನ ಕಿವಿಯ ಇಯರ್‌ಪ್ಲಗ್ ನೋಡಿ "ಕಿವಿ ನೋವೇನಮ್ಮ?" ಅಂತ ಕೇಳಿದ್ರು, "ಇಲ್ಲ ಅಕ್ಕ, ಜೋರು ಶಬ್ದ ತಡ್ಕೊಳಕ್ಕಾಗಲ್ಲ ನಂಗೆ" ಅಂದೆ, ಅವರು "ಓ" ಅಂದ್ರು, ಅಷ್ಟೇ ಮಾತು. ಮುಂದಿನ ವಾರ ಹೋದಾಗ ಡಬ್ಬಿ ಗಲ್ಲಾ ಡ್ರಾಯರ್ ಒಳಗಿತ್ತು, ಗುನುಗುಟ್ಟಿದಂಗೆ ಕೇಳ್ತಿತ್ತು. ನಾನು ಹೋಗ್ತಾ ಹಿಂತಿರುಗಿ ನೋಡ್ದೆ, ಅಕ್ಕ ಅದನ್ನ ತೆಗೆದು ಮತ್ತೆ ಮೇಲೆ ಇಡ್ತಿದ್ರು. ಇವತ್ತಿಗೂ ನಾನು ಒಳಗೆ ಕಾಲಿಟ್ರೆ ಡಬ್ಬಿ ಒಳಗೆ, ನಾನು ಹೊರಟ ಮೇಲೆ ಹೊರಗೆ. ನಾನು ಕೇಳ್ಕೊಂಡಿದ್ದಲ್ಲ, ಅವರು ಹೇಳ್ಕೊಂಡಿದ್ದೂ ಅಲ್ಲ.

ಇನ್ನೊಂದು ದಿನದ್ದು ಬರೀಲೇಬೇಕು. ಹೋದ ಶಿವರಾತ್ರಿ ಹೊತ್ತು, ಸಿದ್ಧಗಂಗೆ ಜಾತ್ರೆ, ರಸ್ತೆ ತುಂಬ ಜನ, ನಾನು ಹೋಗ್ಬಾರ್ದಿತ್ತು ಆದ್ರೆ ನಾನು ಇಲ್ಲಿಗೆ ಹೋಗೋದು ಬುಧವಾರ, ಬುಧವಾರ ಅಂದ್ರೆ ನಂಗೆ ಬುಧವಾರವೇ. ಹೊಸ ಹುಡುಗ ಬಡಿಸ್ತಿದ್ದ, ಪಾಪ ಅವನಿಗೆ ಗೊತ್ತಿರ್ಲಿಲ್ಲ, ಇಡ್ಲಿ ಮೇಲೇ ಚಟ್ನಿ ಹುಯ್ದು ಅದರ ಮೇಲೆ ಬೆಣ್ಣೆ ಇಟ್ಟು ಹೋದ. ಬೆಣ್ಣೆ ಕರಗಿ ಚಟ್ನಿ ಜೊತೆ ಅಂಚಿಗೆ ಇಳೀತಿತ್ತು. ಬೇರೆ ಕೊಡಿ ಅಂತ ಎರಡು ಪದ ಹೇಳಿದ್ರೆ ಸಾಕಿತ್ತು, ಬಾಯಿ ಬರ್ಲಿಲ್ಲ. ಮಾತು ಗಂಟಲಲ್ಲಿ ಇಲ್ಲವೇ ಇಲ್ಲ ಅನ್ನೋ ಸ್ಥಿತಿ ಅದು, ನಾಚಿಕೆಗೂ ಅದಕ್ಕೂ ಸಂಬಂಧ ಇಲ್ಲ, ಮೈ ಸ್ವಿಚ್ ಆಫ್ ಆದಂಗೆ. ಕೈ ಎರಡೂ ತೊಡೆ ಮೇಲೆ ಇಟ್ಟು ತಟ್ಟೆ ನೋಡ್ತಾ ಕೂತಿದ್ದೆ. ಬೇರೆ ಕಡೆ ಇದೇ ಥರ ಆದಾಗ ನಾಲ್ಕು ಜನ ಸುತ್ತ ನಿಂತು ಏನಾಯ್ತು, ಯಾಕೆ, ನೀರು ಬೇಕಾ, ಮನೆಗೆ ಫೋನ್ ಮಾಡ್ಲಾ ಅಂತ ಭುಜ ಅಲ್ಲಾಡಿಸಿದಾರೆ, ಒಳ್ಳೇ ಮನಸ್ಸಿಂದಲೇ, ಆದ್ರೆ ಒಂದೊಂದು ಪ್ರಶ್ನೆಗೂ ನಾನು ಇನ್ನೂ ಒಳಗೆ ಹೋಗ್ತೀನಿ. ಇಲ್ಲಿ ಅಕ್ಕ ಎದ್ದು ಬಂದು ಆ ತಟ್ಟೆ ತಗೊಂಡು ಹೋದ್ರು, ಬೇರೆ ಎರಡು ಇಡ್ಲಿ, ಪಕ್ಕದಲ್ಲಿ ಬಟ್ಟಲು, ಬಟ್ಟಲು ತಟ್ಟೆಗೆ ತಾಗದಂಗೆ ನಾಲ್ಕು ಬೆರಳು ದೂರ ಇಟ್ಟು ಹೋದ್ರು. ನನ್ನ ಮುಖ ನೋಡ್ಲಿಲ್ಲ, ಹುಡುಗನ ಬೈಲಿಲ್ಲ. ಹತ್ತು ನಿಮಿಷ ಆದ್ಮೇಲೆ ತಿಂದೆ. ದುಡ್ಡು ಕೊಡೋವಾಗಲೂ ಮಾತು ಬಂದಿರ್ಲಿಲ್ಲ, ಅಕ್ಕ ತಲೆ ಆಡಿಸಿದ್ರು, ನಾನೂ ತಲೆ ಆಡಿಸಿದೆ.

ಡೇಮಿಯನ್ ಮಿಲ್ಟನ್ ಅಂತ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ, ಅವರೂ ಆಟಿಸ್ಟಿಕ್, 2012ರಲ್ಲಿ ಒಂದು ಮಾತು ಮುಂದಿಟ್ರು: ಆಟಿಸ್ಟಿಕ್ ಜನಕ್ಕೆ ಬೇರೆಯವರು ಅರ್ಥ ಆಗಲ್ಲ ಅನ್ನೋದು ಅರ್ಧ ಕತೆ, ಅವರಿಗೂ ನಾವು ಅರ್ಥ ಆಗಲ್ಲ, ಅಂತರ ಎರಡೂ ಕಡೆಯಿಂದ ಅಂತ. ಅದನ್ನ ಓದಿದಾಗ ನಂಗೆ ನೆನಪಾಗಿದ್ದು ಈ ನಾಲ್ಕು ಬೆರಳು ದೂರದ ಬಟ್ಟಲು. ಆ ಕಡೆಯಿಂದ ಒಬ್ರು ಅಷ್ಟು ದೂರ ನಡೆದು ಬಂದ್ರೆ ನಾನು ಬಾಕಿ ದೂರ ನಡೀಬಲ್ಲೆ.

ಕೊರತೆಗಳೂ ಇವೆ. ಟಾಯ್ಲೆಟ್ ಇಲ್ಲ. ಬೆಂಚು ಕಿರಿದು, ಜನ ಬಂದ್ರೆ ಎದುರಿನವರ ಮೊಣಕಾಲು ತಾಗುತ್ತೆ. ಭಾನುವಾರ ಮಾತ್ರ ಹೋಗ್ಲೇಬೇಡಿ, ಬೆಂಗ್ಳೂರು ಕಡೆಯಿಂದ ಕಾರು ಬಂದು ನಿಲ್ತವೆ, ನಿಂತ್ಕೊಂಡೇ ತಿನ್ನೋರು, ಫೋನ್ ಸ್ಪೀಕರಲ್ಲಿ ಮಾತಾಡೋರು, ಮಕ್ಕಳು. ಗೋಡೆ ಪಕ್ಕದ ಸೀಟು ಹಿಡಿದಿಡಕ್ಕಾಗಲ್ಲ, ಖಾಲಿ ಇದ್ರೆ ಉಂಟು. ಅಡುಗೆ ಮಾಡೋ ಅಣ್ಣ ಊರಿಗೆ ಹೋದ್ರೆ ಮುನ್ಸೂಚನೆ ಇಲ್ಲದೇ ಬಾಗಿಲು ಹಾಕಿರುತ್ತೆ, ನಮ್ಮಂಥವರಿಗೆ ಇದು ನಿಜಕ್ಕೂ ಕಷ್ಟ, ಎರಡು ಸಲ ಹಂಗೆ ಆಗಿ ಇಡೀ ದಿನ ಏನೂ ತಿನ್ನಕ್ಕಾಗ್ಲಿಲ್ಲ. ಈಗ ಬ್ಯಾಗಲ್ಲಿ ಎರಡು ರಸ್ಕ್ ಇಟ್ಕೊಂಡೇ ಹೋಗ್ತೀನಿ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಳೆದಿದ್ದು ಈ ಬಾಗಿಲು ಹಾಕೋದಕ್ಕೆ.

ಹೆಂಗಸು ಒಬ್ಳೇ ಬೆಳಗ್ಗೆ ಆರೂವರೆಗೆ ಹೋಟ್ಲಲ್ಲಿ ಕೂತು ತಿಂತಾಳೆ ಅಂತ ನಮ್ಮ ಬೀದೀಲಿ ಮಾತಾಗಿದೆ, ಗೊತ್ತು. ನಮ್ಮೆಜಮಾನ್ರು ಮೊದಮೊದಲು "ಜೊತೆಗೆ ಬರ್ತೀನಿ, ಒಬ್ಳೇ ಯಾಕೆ" ಅಂತಿದ್ರು. ಬೇಡ ಅಂದೆ. ಜೊತೇಲಿ ಯಾರಾದ್ರೂ ಇದ್ರೆ ಅವರ ಮುಖ ಓದ್ತಾ ಇರ್ಬೇಕು, ಇಡ್ಲಿ ರುಚಿ ಗೊತ್ತಾಗಲ್ಲ, ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ ಅಂದೆ. ಡಯಾಗ್ನಸಿಸ್ ಆಗೋ ಮುಂಚೆ ಇಂಥ ವಾಕ್ಯ ನನ್ನ ಬಾಯಿಂದ ಬರ್ತಿರ್ಲಿಲ್ಲ, ತಲೆನೋವು ಅಂತ ಸುಳ್ಳು ಹೇಳ್ತಿದ್ದೆ. ಅವರು ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಸರಿ, ಬುಧವಾರ ಮಕ್ಕಳ ಟಿಫನ್ ಬಾಕ್ಸ್ ನಂದು" ಅಂದ್ರು.

ಸರ್ಟಿಫಿಕೇಟ್ ವಿಷ್ಯ ಕೇಳೋರಿಗೆ: ಆಟಿಸಂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೇರಿದೆ, ಸರ್ಟಿಫಿಕೇಟ್ ಕೊಡೋಕೆ ಐಎಸ್‌ಎಎ ಅನ್ನೋ, ಆಟಿಸಂ ಎಷ್ಟಿದೆ ಅಂತ ನೋಡೋ 40 ಅಂಶಗಳ ಭಾರತೀಯ ಅಳತೆ ಬಳಸ್ತಾರೆ, 70 ಅಂಕದಿಂದ ಆಟಿಸಂ ಅಂತ ಲೆಕ್ಕ ಶುರು. ನಾನಿನ್ನೂ ಮಾಡ್ಸಿಲ್ಲ, ಯಾವತ್ತಾದ್ರೂ ಮಾಡಿಸ್ತೀನಿ. ಇಂಟರ್ನೆಟ್ಟಲ್ಲಿ ಸಿಗೋ ಆಟಿಸಂ ಗುಣ ಎಷ್ಟಿದೆ ಅಂತ ನಾವೇ ನೋಡ್ಕೊಳೋ 50 ಪ್ರಶ್ನೆಯ ಎಕ್ಯೂ ಟೆಸ್ಟ್ ದಾರಿ ತೋರಿಸಬಹುದು ಅಷ್ಟೇ, ಅದೇ ಡಯಾಗ್ನಸಿಸ್ ಆಗಲ್ಲ.

ಹೋಗೋದಾದ್ರೆ: ತುಮಕೂರಿಂದ ಸಿಟಿ ಬಸ್ ಸಿಗುತ್ತೆ, ಕ್ಯಾತ್ಸಂದ್ರದಲ್ಲಿ ಇಳಿದು ಸ್ಟೇಷನ್ ಕಡೆ ನಡೀಬೇಕು, ತಗಡಿನ ಬೋರ್ಡು ಎಡಗಡೆ. ಚಿಲ್ಲರೆ ತಗೊಂಡು ಹೋದ್ರೆ ಡಬ್ಬಿ ಕೂಗಲ್ಲ. "ಎರಡು, ಬೆಣ್ಣೆ ಬೇಡ, ಚಟ್ನಿ ಬೇರೆ" ಅಂತ ಚೀಟೀಲಿ ಬರ್ಕೊಂಡು ಹೋಗಿ ತೋರಿಸಿದ್ರೂ ನಡೆಯುತ್ತೆ, ಅಕ್ಕ ಓದಿ ಒಳಗೆ ಹೇಳ್ತಾರೆ. ಬುಧವಾರ ಆದ್ರೆ ಗೋಡೆ ಪಕ್ಕದ ಸೀಟಲ್ಲಿ ನಾನಿರ್ತೀನಿ, ಎದುರುಗಡೆ ಸೀಟು ಸಾಮಾನ್ಯವಾಗಿ ಖಾಲಿ. ಬಂದು ಕೂತು, ಮಾತಾಡ್ದೇ ತಿಂದು ಹೋಗಬಹುದು.